ಐದು ಡಾಲರಿನ ಪ್ರಶ್ನೆ

ಕಳೆದ ವರ್ಷ ಅಂತರಕಾಲೇಜು ಪ್ರಬಂಧ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗುವ ಹೊಣೆ ನನ್ನ ಮೇಲೆ ಬಿತ್ತು. ವಿಷಯ, 'ಮಾದಕ ವ್ಯಸನ ಮತ್ತು ಯುವಜನ'. ಮೂವತ್ತೆಂಟು ಪ್ರಬಂಧಗಳನ್ನು ಮೂರು ಸಂಜೆ ಕುಳಿತು ಓದಿದೆ. ಕೆಲವರ ಭಾಷೆ ಚೆನ್ನಾಗಿತ್ತು, ಕೆಲವರದು ಹಾಗೂ ಹೀಗೂ ಇತ್ತು. ಆದರೆ ಬಹುಮಟ್ಟಿಗೆ ಎಲ್ಲ ಪ್ರಬಂಧಗಳಲ್ಲಿಯೂ ಒಂದು ಇಲಿ ಇತ್ತು. ಅದು ಪಂಜರದೊಳಗೆ ಕುಳಿತು, ಆಹಾರ ನೀರು ಬಿಟ್ಟು, ಮದ್ದು ಬರುವ ಗುಂಡಿಯನ್ನು ಒತ್ತಿ ಒತ್ತಿ ಕೊನೆಗೆ ಸಾಯುತ್ತಿತ್ತು. ಇಲಿ ಸತ್ತ ಮೇಲೆ 'ಡೋಪಮೀನ್' ಎಂಬ ರಾಸಾಯನಿಕದ ಹೆಸರು ಬರುತ್ತಿತ್ತು. ಅದರ ಬೆನ್ನಿಗೇ 'ಆದುದರಿಂದ ಯುವಜನರು ಎಚ್ಚರದಿಂದಿರಬೇಕು' ಎಂಬ ಉಪದೇಶ. ಮೂವತ್ತೆಂಟು ಪ್ರಬಂಧಗಳಲ್ಲಿ ಒಬ್ಬ ಮನುಷ್ಯನನ್ನು, ಅವನ ಮನೆಮಠವನ್ನು, ಚಟ ಹಿಡಿಯುವುದಕ್ಕೆ ಮೊದಲು ಅವನು ಏನಾಗಿದ್ದನೆಂಬುದನ್ನು ಹುಡುಕಿದೆ, ಸಿಗಲಿಲ್ಲ.

ಈ ಮಾತನ್ನು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮಿತ್ರರೊಬ್ಬರಿಗೆ ಹೇಳಿದೆ. ಅವರು ನಕ್ಕು, "ನಿಮ್ಮ ಹಾಗೆ ಆ ಇಲಿಯನ್ನು ಕಂಡು ಬೇಸತ್ತ ವಿಜ್ಞಾನಿಯೇ ಒಬ್ಬರಿದ್ದಾರೆ ಸ್ವಾಮಿ, ಓದಿ ನೋಡಿ" ಎಂದು ಮರುದಿನ ಎರಡು ಪುಸ್ತಕಗಳನ್ನು ತಂದುಕೊಟ್ಟರು. ಎರಡೂ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ನರವಿಜ್ಞಾನಿ ಕಾರ್ಲ್ ಹಾರ್ಟ್ ಅವರವು. ಮೊದಲನೆಯದು 2013ರಲ್ಲಿ ಬಂದ 'ಹೈ ಪ್ರೈಸ್'; ಎರಡನೆಯದು 2021ರ 'ಡ್ರಗ್ ಯೂಸ್ ಫಾರ್ ಗ್ರೋನ್-ಅಪ್ಸ್', ಅಂದರೆ 'ವಯಸ್ಕರ ಮಾದಕ ಸೇವನೆ'. ಕನ್ನಡ ಮೇಷ್ಟರಾದ ನನಗೆ ಮೆದುಳಿನ ರಸಾಯನದ ಪುಸ್ತಕದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. 'ಹೈ ಪ್ರೈಸ್' ಮೊದಲಿಗೆ ಒಂದು ಆತ್ಮಕಥೆ. ವಿಜ್ಞಾನ ಅದರ ಒಳಗೆ ನಡೆಯುತ್ತದೆ. ವೈಜ್ಞಾನಿಕ ಬರವಣಿಗೆಯ ಸಾಹಿತ್ಯಗುಣಕ್ಕಾಗಿ ಕೊಡುವ ಪೆನ್ ಸಂಸ್ಥೆಯ ಎಡ್ವರ್ಡ್ ವಿಲ್ಸನ್ ಪ್ರಶಸ್ತಿ 2014ರಲ್ಲಿ ಅದಕ್ಕೆ ಸಂದಿತು. ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿ ಅದರ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವಾಗಲಾರದು.

ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ. 'ಹೈ' ಎಂದರೆ ಅವರ ಆಡುಮಾತಿನಲ್ಲಿ ಅಮಲೇರಿದ ಸ್ಥಿತಿ. 'ಹೈ ಪ್ರೈಸ್' ಎಂದರೆ ತೆತ್ತ ದುಬಾರಿ ಬೆಲೆ. ಆ ಬೆಲೆಯನ್ನು ತೆತ್ತವರು ಯಾರು, ಯಾತಕ್ಕಾಗಿ ಎಂಬುದೇ ಪುಸ್ತಕದ ವಸ್ತು.

ಹಾರ್ಟ್ ಹುಟ್ಟಿದ್ದು 1966ರಲ್ಲಿ, ಫ್ಲಾರಿಡಾ ರಾಜ್ಯದ ಮಯಾಮಿಯಲ್ಲಿ. ಬಡ ಕರಿಯರ ಕುಟುಂಬ, ಎಂಟು ಮಂದಿ ಮಕ್ಕಳು. ತಂದೆಯ ಹೊಡೆತ, ತಾಯಿಯ ಓಟ, ಮುರಿದ ಸಂಸಾರ, ಬಂಧುಗಳ ಮನೆಯಿಂದ ಮನೆಗೆ ಅಲೆದಾಟ. ಹುಡುಗನಿಗೆ ಓದಿಗಿಂತ ಚೆಂಡಾಟದಲ್ಲಿ ಮನಸ್ಸು. ಸಣ್ಣಪುಟ್ಟ ಕಳ್ಳತನ ಮಾಡಿದ, ಗಾಂಜಾ ಮಾರಿದ, ಬಂದೂಕು ಇಟ್ಟುಕೊಂಡ. ಪೊಲೀಸರ ಕೈಗೆ ಸಿಕ್ಕಿಬೀಳದೆ ಹೋದದ್ದು ಅದೃಷ್ಟ ಎಂದು ಅವರೇ ಹೇಳಿಕೊಳ್ಳುತ್ತಾರೆ. 1984ರಲ್ಲಿ ವಾಯುದಳಕ್ಕೆ ಸೇರಿ, ಜಪಾನಿನ ಓಕಿನಾವಾದಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಇರುವಾಗ ಓದಿಗೆ ತಗುಲಿಕೊಂಡರು. 1996ರಲ್ಲಿ ವಯೋಮಿಂಗ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಕೊಲಂಬಿಯಾದಲ್ಲಿ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಪ್ರಾಧ್ಯಾಪಕ ಪದವಿ ಪಡೆದ ಮೊದಲ ಕರಿಯ ಅಮೆರಿಕನ್ನರಾದರು.

ವಿಜ್ಞಾನಕ್ಕೆ ಅವರು ಬಂದದ್ದು ಒಂದು ನಂಬಿಕೆ ಹೊತ್ತು. 1980ರ ದಶಕದಲ್ಲಿ ಅಮೆರಿಕದ ಬಡ ಕೇರಿಗಳಿಗೆ 'ಕ್ರ್ಯಾಕ್' ಎಂಬ ಸೇದುವ ಕೊಕೇನ್ ಬಂತು. ಅದೇ ತಮ್ಮವರನ್ನು ಹಾಳುಮಾಡಿತು. ಅದರ ಮೂಲ ಮೆದುಳಿನಲ್ಲಿದೆ. ಆ ಮೂಲವನ್ನು ಕಂಡುಹಿಡಿದರೆ ಕೇರಿ ಉದ್ಧಾರವಾಗುತ್ತದೆ. ಇದು ಆಗಿನ ಅವರ ತರ್ಕ. ಅಂದರೆ ಅವರೂ ನಮ್ಮ ಮೂವತ್ತೆಂಟು ವಿದ್ಯಾರ್ಥಿಗಳಂತೆ ಇಲಿಯಿಂದಲೇ ಆರಂಭಿಸಿದವರು.

ಈ ಇಲಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ಇಬ್ಬರು ಇಲಿಯ ಮೆದುಳಿನೊಳಕ್ಕೆ ಸಣ್ಣ ತಂತಿ ಇಳಿಸಿ, ಇಲಿಯೇ ಸನ್ನೆ ಒತ್ತಿ ಕ್ಷಣಮಾತ್ರ ವಿದ್ಯುತ್ತು ಹರಿಸಿಕೊಳ್ಳುವಂತೆ ಮಾಡಿದರು. ತಂತಿ ಕೆಲವು ಜಾಗಗಳಲ್ಲಿದ್ದಾಗ ಇಲಿ ಗಂಟೆಗೆ ನೂರಾರು ಬಾರಿ, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿ ಸನ್ನೆ ಒತ್ತಿತು. ಮೆದುಳಿನಲ್ಲಿ ಸುಖದ ಕೇಂದ್ರ ಸಿಕ್ಕಿತೆಂದು ಜಗತ್ತು ಸಂಭ್ರಮಿಸಿತು. ಅದೇ ದಶಕದ ಕೊನೆಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಡೋಪಮೀನ್ ಎಂಬುದು ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ರಾಸಾಯನಿಕವೆಂದು ತೋರಿಸಿದರು; ಆ ಕೆಲಸಕ್ಕೆ 2000ದಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಕೊಕೇನ್ ಮೊದಲಾದವು ಈ ಡೋಪಮೀನಿನ ಪ್ರಮಾಣವನ್ನು ಏರಿಸುತ್ತವೆಂದು ಕಂಡುಬಂದಾಗ ಕಥೆ ಪೂರ್ತಿಯಾದಂತೆ ಕಂಡಿತು: ಮದ್ದು ಡೋಪಮೀನನ್ನು ಏರಿಸುತ್ತದೆ, ಡೋಪಮೀನ್ ಸುಖ ಕೊಡುತ್ತದೆ, ಸುಖ ಮನುಷ್ಯನನ್ನು ಕಟ್ಟಿಹಾಕುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇಕಾದಷ್ಟು ಕೊಕೇನ್ ಸಿಗುವಂತೆ ಬಿಟ್ಟಿದ್ದ ಇಲಿಗಳಲ್ಲಿ ಬಹುಪಾಲು 30 ದಿನಗಳೊಳಗೆ ಸತ್ತವು. ನಮ್ಮ ಪ್ರಬಂಧಗಳಲ್ಲಿ ಮೂವತ್ತೆಂಟು ಸಾರಿ ಸತ್ತದ್ದು ಈ ಇಲಿಯೇ ಇರಬೇಕು.

ಕಥೆ ಇಷ್ಟು ಸರಳವಲ್ಲವೆಂದು ವಿಜ್ಞಾನಿಗಳಿಗೇ ಬೇಗ ತಿಳಿಯಿತು. ಮಿಚಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಮತ್ತು ಅವರ ಸಂಗಡಿಗರು ಇಲಿಗಳ ಮೆದುಳಿನಿಂದ ಡೋಪಮೀನನ್ನು ಬಹುಮಟ್ಟಿಗೆ ತೆಗೆದುಹಾಕಿ, ಅವುಗಳ ನಾಲಗೆಗೆ ಸಕ್ಕರೆ ನೀರು ತಗುಲಿಸಿ ನೋಡಿದರು. ಇಲಿಗಳು ಸಿಹಿಗೆ ಮೊದಲಿನಂತೆಯೇ ಬಾಯಿ ಚಪ್ಪರಿಸಿದವು. ಆದರೆ ಅದನ್ನು ಅರಸಿಕೊಂಡು ಹೋಗುವ ಆಸೆ ಮಾತ್ರ ಅವುಗಳಿಗೆ ಉಳಿಯಲಿಲ್ಲ. ಸುಖ ಬೇರೆ, ಬೇಕೆಂಬ ತುಡಿತ ಬೇರೆ. ಡೋಪಮೀನಿನ ಸಂಬಂಧ ಹೆಚ್ಚಾಗಿ ತುಡಿತದೊಂದಿಗೆ. ಕುಡಿದು ಸುಖಪಡುವ ಕಾಲ ಮುಗಿದ ಮೇಲೂ ಕುಡಿಯುತ್ತಲೇ ಇರುವವರನ್ನು ಕಂಡವರಿಗೆ ಈ ಭೇದ ಅರ್ಥವಾಗದೆ ಇರದು.

ಹಾರ್ಟ್ ಅವರ ವೈಶಿಷ್ಟ್ಯವೆಂದರೆ ಅವರು ಇಲಿಯನ್ನು ಬಿಟ್ಟು ಮನುಷ್ಯರನ್ನು ಕೇಳಲು ಹೊರಟದ್ದು. ಕ್ರ್ಯಾಕ್ ಸೇದುವ ಅಭ್ಯಾಸವಿದ್ದವರನ್ನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕರೆಸಿ, ಆಸ್ಪತ್ರೆಯ ವಾರ್ಡಿನಲ್ಲಿ ಕೆಲವು ವಾರ ಇರಿಸಿಕೊಂಡರು. ದಿನದ ಆರಂಭಕ್ಕೆ ದಾದಿ ಒಂದು ಪ್ರಮಾಣದ ಕ್ರ್ಯಾಕನ್ನು ಕೊಳವೆಗೆ ಹಾಕಿ ಕೊಡುತ್ತಿದ್ದಳು. ಎಷ್ಟಿದೆಯೆಂದು ಕಾಣದಂತೆ ಸೇದುವವನ ಕಣ್ಣಿಗೆ ಬಟ್ಟೆ. ಆಮೇಲೆ ದಿನದುದ್ದಕ್ಕೂ ಹಲವು ಬಾರಿ ಒಂದೇ ಪ್ರಶ್ನೆ: 'ಅದೇ ಪ್ರಮಾಣದ ಇನ್ನೊಂದು ಸಾರಿ ಬೇಕೋ, ಐದು ಡಾಲರು ಬೇಕೋ?' ಐದು ಡಾಲರೂ ಕೂಡಲೇ ಕೈಗೆ ಬರುವುದಲ್ಲ, ವಾರಗಳ ನಂತರ ಆಸ್ಪತ್ರೆ ಬಿಡುವಾಗ. ವ್ಯಸನಿಯ ಮೆದುಳು ಮದ್ದಿನ ದಾಸನಾಗಿದ್ದರೆ ಉತ್ತರ ಯಾವಾಗಲೂ ಒಂದೇ ಆಗಿರಬೇಕಿತ್ತು. ಹಾಗಾಗಲಿಲ್ಲ. ಮದ್ದಿನ ಪ್ರಮಾಣ ದೊಡ್ಡದಾಗಿದ್ದಾಗ ಅವರು ಸಾಮಾನ್ಯವಾಗಿ ಮದ್ದನ್ನೇ ಆರಿಸಿದರು. ಸಣ್ಣದಾಗಿದ್ದಾಗ ಅನೇಕ ಸಲ ಐದು ಡಾಲರನ್ನು ಆರಿಸಿದರು. ಮುಂದೆ ಮೆಥಾಂಫೆಟಮಿನ್ ಸೇವಿಸುವವರೊಡನೆ ಇದೇ ಪ್ರಯೋಗ ನಡೆಸಿ, ಹಣವನ್ನು ಇಪ್ಪತ್ತು ಡಾಲರಿಗೆ ಏರಿಸಿದಾಗ, ಅವರು ಮದ್ದನ್ನು ಬಿಟ್ಟು ಹಣವನ್ನೇ ಆರಿಸಿಕೊಂಡರು.

ನಾನು ಈ ಪುಟಗಳನ್ನು ಎರಡು ಸಲ ಓದಿದೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಮನುಷ್ಯ ತನ್ನ ಮುಂದಿರುವ ಎರಡು ವಸ್ತುಗಳನ್ನು ತೂಗಿ ನೋಡುತ್ತಿದ್ದಾನೆ. ಜಗತ್ತು ಯಾರನ್ನು ಆಯ್ಕೆಯ ಶಕ್ತಿಯೇ ಸತ್ತವನೆಂದು ಬದಿಗಿಟ್ಟಿತ್ತೋ ಅವನು ಲೆಕ್ಕ ಹಾಕುತ್ತಿದ್ದಾನೆ. ಹಾರ್ಟ್ ಅವರ ತೀರ್ಮಾನ ಸರಳ: ಮದ್ದಿಗೆ ಎದುರಾಗಿ ನಿಲ್ಲಬಲ್ಲ ಇನ್ನೊಂದು ವಸ್ತು, ಕೆಲಸವೋ ಸಂಬಳವೋ ಸಂಸಾರವೋ, ಕೈಗೆಟುಕುವಷ್ಟು ಹತ್ತಿರವಿದ್ದರೆ ಬಹುಮಂದಿ ಅದರತ್ತ ಕೈ ಚಾಚುತ್ತಾರೆ. ತಮ್ಮ ಕೇರಿಯ ಹುಡುಗರ ಮುಂದೆ ಅಂಥ ಎರಡನೆಯ ವಸ್ತುವೇ ಇರಲಿಲ್ಲ ಎನ್ನುತ್ತಾರೆ ಅವರು. ಮಾದಕಗಳನ್ನು ಸೇವಿಸುವ ಹತ್ತು ಮಂದಿಯಲ್ಲಿ ಎಂಟು ಒಂಬತ್ತು ಮಂದಿ ವ್ಯಸನಿಗಳಾಗುವುದಿಲ್ಲ ಎಂಬುದು ಅವರು ಮತ್ತೆ ಮತ್ತೆ ಹೇಳುವ ಮಾತು. ಆದವರ ಮೇಲೆ ಮದ್ದಿಗಿಂತ ಬೇರೆ ಏನೇನು ಭಾರವಿತ್ತು ನೋಡಿ ಎಂಬುದು ಅವರ ಆಗ್ರಹ.

ಈ ವಾದಕ್ಕೆ ಹಿಂದಿನ ಸಾಕ್ಷ್ಯಗಳೂ ಇವೆ. 1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಇಲಿಗಳಿಗೆ ಮಾಮೂಲಿ ಪಂಜರದ 200ರಷ್ಟು ವಿಸ್ತಾರದ ಜಾಗ ಮಾಡಿಕೊಟ್ಟು, ಜೊತೆಗಾರರನ್ನೂ ಆಟಕ್ಕೆ ಸಾಮಾನುಗಳನ್ನೂ ಒದಗಿಸಿದರು. ಒಂಟಿ ಪಂಜರದ ಇಲಿಗಳಿಗಿಂತ ಇಲ್ಲಿಯವು ಮಾರ್ಫಿನ್ ಬೆರೆತ ಸಿಹಿನೀರನ್ನು ಬಹಳ ಕಡಿಮೆ ಕುಡಿದವು. ಆ ಪ್ರಯೋಗವನ್ನು ಆಮೇಲೆ ಮಾಡಿ ನೋಡಿದವರಿಗೆಲ್ಲ ಅದೇ ಫಲ ಸಿಗಲಿಲ್ಲವೆಂಬುದನ್ನೂ ಹೇಳಬೇಕು. ಮನುಷ್ಯರ ಸಾಕ್ಷ್ಯ ಇನ್ನೂ ಗಟ್ಟಿಯಾದದ್ದು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರನ್ನು 1971ರಿಂದ ಅಧ್ಯಯನ ಮಾಡಿದ ಲೀ ರಾಬಿನ್ಸ್ ಎಂಬಾಕೆ, ಸುಮಾರು ಐದರಲ್ಲಿ ಒಬ್ಬ ಅಲ್ಲಿ ಅಫೀಮಿನ ಜಾತಿಯ ಮದ್ದುಗಳಿಗೆ ಅಂಟಿಕೊಂಡಿದ್ದನೆಂದು ಕಂಡರು. ಊರಿಗೆ ಮರಳಿ ಒಂದು ವರ್ಷ ಕಳೆಯುವಷ್ಟರಲ್ಲಿ ಅಂಥವರಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಬಿಟ್ಟುಬಂದದ್ದು ಯುದ್ಧರಂಗ, ಸೇರಿದ್ದು ಮನೆ.

ಪುಸ್ತಕದ ಮತ್ತೊಂದು ಮುಖ ಕಾನೂನಿಗೆ ಸಂಬಂಧಿಸಿದ್ದು. ಪುಡಿ ಕೊಕೇನ್ ಮತ್ತು ಕ್ರ್ಯಾಕ್ ಒಂದೇ ಮದ್ದು. ಪುಡಿಯನ್ನು ನೀರಿನಲ್ಲಿ ಅಡುಗೆ ಸೋಡದೊಂದಿಗೆ ಕಾಯಿಸಿದರೆ ಸೇದಲು ಬರುವ ಕ್ರ್ಯಾಕ್ ಆಗುತ್ತದೆ. ಆದರೆ 1986ರ ಅಮೆರಿಕದ ಕಾನೂನು 500 ಗ್ರಾಂ ಪುಡಿಗೆ ವಿಧಿಸುತ್ತಿದ್ದ ಐದು ವರ್ಷಗಳ ಕನಿಷ್ಠ ಸಜೆಯನ್ನು 5 ಗ್ರಾಂ ಕ್ರ್ಯಾಕಿಗೇ ವಿಧಿಸಿತು. ಆ ಕಾನೂನಿನಡಿ ಕ್ರ್ಯಾಕಿಗಾಗಿ ಸೆರೆಮನೆ ಸೇರಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕರಿಯರು. 2010ರಲ್ಲಿ ಈ ನೂರಕ್ಕೆ ಒಂದರ ತಾರತಮ್ಯವನ್ನು ಹದಿನೆಂಟಕ್ಕೆ ಒಂದು ಎಂದು ಇಳಿಸಿದರು, ಪೂರ್ತಿ ತೆಗೆಯಲಿಲ್ಲ. ಒಂದು ರಾಸಾಯನಿಕಕ್ಕೆ ಅಂಟಿಸಿದ ಭಯಂಕರ ಕಥೆ ಒಂದು ಜನಾಂಗದ ಎರಡು ತಲೆಮಾರಿನ ಗಂಡಸರನ್ನು ಸೆರೆಗೆ ಕಳಿಸಿತೆಂಬ ಹಾರ್ಟ್ ಅವರ ಸಿಟ್ಟು ಇಲ್ಲಿ ಹುಟ್ಟಿದ್ದು. ಅದು ಸಕಾರಣವಾದ ಸಿಟ್ಟು.

ಸಾಹಿತ್ಯವಾಗಿ ಈ ಕೃತಿ ಹೇಗಿದೆ? ಶೈಲಿಯಲ್ಲಿ ಚೆಲುವಿಲ್ಲ. ಹೇಳಿದ್ದನ್ನೇ ಹೇಳುವ ಅಧ್ಯಾಪಕರ ದುರ್ಗುಣ ಅವರಲ್ಲಿಯೂ ಇದೆ. ಈ ವಿಷಯದಲ್ಲಿ ಕಲ್ಲೆಸೆಯುವ ಅಧಿಕಾರ ನನಗಿಲ್ಲ. ಬಾಲ್ಯದ ಒಂದು ಘಟನೆ ಹೇಳಿ, ಕೂಡಲೇ ಅದಕ್ಕೆ ಮನಶ್ಶಾಸ್ತ್ರದ ಒಂದು ಪ್ರಯೋಗವನ್ನು ತಂದು ಜೋಡಿಸುವ ಅವರ ಕ್ರಮ ಕೆಲವೆಡೆ ಹೊಲಿಗೆ ಕಾಣುವಂತಿದೆ. ಆದರೆ ಆತ್ಮಕಥೆಗೆ ಬೇಕಾದ ಮುಖ್ಯ ಗುಣ ಅವರಲ್ಲಿದೆ: ತಮ್ಮನ್ನು ತಾವು ಬಿಟ್ಟುಕೊಳ್ಳುವುದಿಲ್ಲ. ಕ್ರ್ಯಾಕಿಗೆ ಬಿದ್ದ ಬಂಧುಗಳನ್ನು ತಾವೇ ಹೇಗೆ ಕೀಳಾಗಿ ಕಂಡೆವೆಂಬುದನ್ನು ಮುಚ್ಚಿಡುವುದಿಲ್ಲ. ಮಯಾಮಿಯಲ್ಲಿ ತಾವರಿಯದೆ ಬೆಳೆದ ಒಬ್ಬ ಮಗ ಹದಿನಾರು ತುಂಬಿದ ಮೇಲೆ ತಮ್ಮ ಬದುಕಿಗೆ ಬಂದದ್ದನ್ನು ಹೇಳುವಾಗ, ಊರ ಹುಡುಗರ ಬಗ್ಗೆ ಉಪನ್ಯಾಸ ಮಾಡುತ್ತಿದ್ದ ಪ್ರಾಧ್ಯಾಪಕರ ಮಾತು ತಡವರಿಸುತ್ತದೆ. ಆ ತಡವರಿಕೆಯಲ್ಲಿ ಪುಸ್ತಕ ನಿಜವಾಗುತ್ತದೆ.

ಓದುತ್ತಿದ್ದಾಗ ನಮ್ಮ 'ವ್ಯಸನ' ಎಂಬ ಶಬ್ದವನ್ನು ನಾನು ಮತ್ತೆ ಮತ್ತೆ ನೆನೆದೆ. ಯಾವ ನಿಘಂಟನ್ನು ತೆರೆದರೂ ಅದಕ್ಕೆ ಎರಡು ಅರ್ಥಗಳಿವೆ: ಬಿಡಲಾರದ ಚಟ, ಮತ್ತು ದುಃಖ. 'ವ್ಯಸನವಾಯಿತು' ಎಂದರೆ ನೊಂದುಕೊಂಡೆ ಎಂದೇ ಅರ್ಥ. ನಮ್ಮ ಹಳಬರು ಜೂಜು, ಕುಡಿತ, ಬೇಟೆಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಸಪ್ತವ್ಯಸನವೆಂದರು. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಜೂಜನ್ನು ಮದ್ಯ, ಮಾದಕಗಳ ವ್ಯಸನದೊಡನೆ ಒಂದೇ ಅಧ್ಯಾಯಕ್ಕೆ ಸೇರಿಸಿದ್ದು 2013ರಲ್ಲಿ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಬೀಗಲು ಈ ಮಾತು ಹೇಳುತ್ತಿಲ್ಲ. ಆ ಪಟ್ಟಿಯಲ್ಲಿ ಮಾಂಸಾಹಾರವೂ ಇತ್ತು. ಆದರೆ ಚಟಕ್ಕೂ ದುಃಖಕ್ಕೂ ಒಂದೇ ಹೆಸರಿಟ್ಟ ಭಾಷೆಯನ್ನು ಆಡುವವರು ನಾವು. ಅಷ್ಟಾದರೂ ಚಟದ ಮಾತು ಬಂದಾಗ ದುಃಖದ ಅರ್ಥವನ್ನು ಮರೆತುಬಿಡುತ್ತೇವೆ.

ಕಾವ್ಯ ಇದನ್ನು ಮರೆತಿಲ್ಲ. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಬಲ್ಲವರಿಗೆ ಯೆಂಡಕುಡುಕ ರತ್ನ ಗೊತ್ತು. ಅವನು ಕುಡುಕ, ಸರಿ. ಜೊತೆಗೆ ಪುಟ್ನಂಜಿಯ ಗಂಡ, ಕನ್ನಡದ ಅಭಿಮಾನಿ, ತನ್ನದೇ ಲೋಕವಿಚಾರವುಳ್ಳವನು. ಕುಡಿತ ಅವನ ಒಂದು ಗುಣ, ಅವನ ಪೂರ್ತಿ ಹೆಸರಲ್ಲ. ಹಾರ್ಟ್ ಪ್ರಯೋಗಶಾಲೆಯಲ್ಲಿ ಹುಡುಕುತ್ತಿದ್ದದ್ದೂ ಇಂಥವನನ್ನೇ ಎಂದು ನನಗೆ ತೋರಿತು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ಹೇಳದಿದ್ದರೆ ಈ ಪುಸ್ತಕ ನನ್ನನ್ನೇಕೆ ತಟ್ಟಿತೆಂಬುದು ವಾಚಕರಿಗೆ ತಿಳಿಯದು. ನನ್ನ ಸೋದರಮಾವ ನಮ್ಮ ತಾಲ್ಲೂಕು ಊರಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅವನು ಕರಡು ತಿದ್ದುವಾಗ ಪಕ್ಕದಲ್ಲಿ ಕುಳಿತು. "ಲೋ, 'ಅಧ್ಯಕ್ಷ'ದ ಹೊಟ್ಟೆ ಸೀಳೋದು ಮರೀಬೇಡ" ಎನ್ನುತ್ತಿದ್ದ. ಅವನು ಕುಡಿಯುತ್ತಿದ್ದ. ಮನೆಯಲ್ಲಿ ನಾವು ಕೇಳಿ ಬೆಳೆದ ಕಥೆ, ಕುಡಿತದಿಂದ ಅವನ ಕೆಲಸ ಹೋಯಿತು ಎಂದು. ಸಾಹಿತ್ಯ ಓದುವವನು ಕಥೆಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ನೋಡಬೇಕು. ಈ ಕಥೆಯಲ್ಲಿ ನಾನು ನೋಡಿರಲಿಲ್ಲ. 'ಹೈ ಪ್ರೈಸ್' ಓದಿದ ಮೇಲೆ ಅಮ್ಮನನ್ನು ಕೇಳಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಪ್ರೆಸ್ಸು ಮುಚ್ಚೋಕೆ ಮುಂಚೆ ಅವನು ಹಬ್ಬಕ್ಕೋ ಹುಣ್ಣಿಮೆಗೋ ಕುಡೀತಿದ್ದ ಕಣಪ್ಪ. ಮದುವೆ ಕಾಲದಲ್ಲಿ, ಎಲೆಕ್ಷನ್ ಬಂದಾಗ, ರಾತ್ರಿ ಹಗಲು ಕೆಲಸ ಇರ್ತಿತ್ತು. ಆವಾಗ ಅದರ ಸುದ್ದಿಗೇ ಹೋಗ್ತಿರಲಿಲ್ಲ." ಆಫ್‌ಸೆಟ್ ಯಂತ್ರ ಬಂದು ಮೊಳೆಗಳು ಗುಜರಿಗೆ ಹೋದವು. ಆಮೇಲೆ ಸಾರಾಯಿ ಪ್ಯಾಕೆಟ್ಟು ದಿನದ ಮಾತಾಯಿತು. ಲಗ್ನಪತ್ರಿಕೆ, ಚುನಾವಣೆಯ ಕರಪತ್ರ, ಇವು ಅವನ ಐದು ಡಾಲರುಗಳಾಗಿದ್ದವು.

ಪಿಯುಸಿಯಲ್ಲಿದ್ದಾಗ ಒಂದು ದಿನ ಸಹಪಾಠಿಗಳೊಡನೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅವನು ದೂರದಿಂದ ನನ್ನ ಹೆಸರು ಹಿಡಿದು ಕರೆದ. ನಾನು ಕೇಳಿಸದವನಂತೆ ಬಸ್ಸು ಹತ್ತಿದೆ. ಅವನು ಮತ್ತೆ ಕರೆಯಲಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ಹಾರ್ಟ್ ಅವರ ಮಾತಿಗೆ ನಾನು ಪೂರ್ತಿ ತಲೆದೂಗಿ ಲೇಖನ ಮುಗಿಸಬಹುದಾಗಿತ್ತು. ಕೊನೆಯ ವರ್ಷಗಳಲ್ಲಿ ಅವನಿಗೆ ಕೆಲಸ ಬಂದಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಅಂಗಡಿಯೊಂದರವರು ಕರಡು ತಿದ್ದಲು ಕರೆದರು. ಕಾಗುಣಿತ ಬಲ್ಲವರು ಅವರಿಗೂ ಬೇಕಾಗಿತ್ತು. ಮಾವ ಹೋದ. ನಾಲ್ಕು ದಿನ ಹೋದ. ಐದನೆಯ ದಿನ ಹೋಗಲಾರದೆ ಹೋದ. ಹೋಗಬೇಕೆಂಬ ಆಸೆಯಿತ್ತು, ಅತ್ತನಂತೆ. ಐದು ಡಾಲರು ಎದುರಿಗಿತ್ತು, ಕೈ ಬರಲಿಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಗುವ ಹೊತ್ತಿಗೆ ಅವನು ಇರಲಿಲ್ಲ.

ಆದ್ದರಿಂದ ಇನ್ನೊಂದು ಪಕ್ಷದವರ ಮಾತನ್ನೂ ಕೇಳಬೇಕು. ಅಮೆರಿಕದ ಮಾದಕ ವ್ಯಸನ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯ ನಿರ್ದೇಶಕರಾಗಿದ್ದ ಅಲನ್ ಲೆಶ್ನರ್ 1997ರಲ್ಲಿ ವ್ಯಸನ ಮೆದುಳಿನ ರೋಗವೆಂದು ಸಾರಿದರು. 2003ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥೆಯಾದ ನೋರಾ ವೋಲ್ಕೋ, ದೀರ್ಘಕಾಲ ಕೊಕೇನ್ ಸೇವಿಸಿದವರ ಮೆದುಳಿನ ಚಿತ್ರಗಳಲ್ಲಿ ಡೋಪಮೀನನ್ನು ಬರಮಾಡಿಕೊಳ್ಳುವ ಒಂದು ಬಗೆಯ ಗ್ರಾಹಕಗಳು ಕಡಿಮೆಯಿರುವುದನ್ನು ತೋರಿಸಿದವರು. ರೋಗವೆಂದವರ ಉದ್ದೇಶವೂ ಮಾನವೀಯವಾದದ್ದೇ: ರೋಗಿಯನ್ನು ಯಾರೂ ಬೈಯುವುದಿಲ್ಲ, ಜೈಲಿಗೆ ಹಾಕುವುದಿಲ್ಲ. ಆದರೆ ಕುಡುಕನೆಂದು ಕರೆದರೂ ರೋಗಿಯೆಂದು ಕರೆದರೂ ಅವನ ಮಾತು ಕೇಳಬೇಕಾಗಿಲ್ಲವೆಂದು ನಾವು ತಿಳಿಯುವುದಾದರೆ ಹೆಸರು ಬದಲಾಯಿಸಿ ಪ್ರಯೋಜನವಿಲ್ಲ. ಇದು ಹಾರ್ಟ್ ಅವರ ಆಕ್ಷೇಪದ ತಿರುಳು. ನಾನು ಅದನ್ನು ಒಪ್ಪುತ್ತೇನೆ.

ನಾನು ಒಪ್ಪದಿರುವುದು ಬೇರೆ. ಮನುಷ್ಯರಿಗೆ ಮಾದಕ ಕೊಟ್ಟು ನಡೆಸುವ ಇಂಥ ಪ್ರಯೋಗಗಳಿಗೆ ಚಿಕಿತ್ಸೆ ಬೇಡವೆನ್ನುವವರನ್ನೇ ತೆಗೆದುಕೊಳ್ಳಬೇಕು. ಬಿಡಲು ಒದ್ದಾಡುತ್ತಿರುವವನಿಗೆ ಮದ್ದು ಕೊಡುವುದು ಅಧರ್ಮ. ಹಾಗಾದರೆ ಬಿಡಬೇಕೆಂದು ಬಯಸಿ ಬಿಡಲಾರದವನು, ನಮ್ಮ ಮಾವನಂಥವನು, ಆ ವಾರ್ಡಿನ ಬಾಗಿಲಿನಿಂದಾಚೆಯೇ ಉಳಿದ. ಬಂದವರೂ ಬೀದಿಯ ಗೆಳೆಯರಿಂದ, ಸಾಲಗಾರರಿಂದ ದೂರವಾಗಿ ಊಟ ಹಾಸಿಗೆ ಸಿಕ್ಕ ಕೋಣೆಯಲ್ಲಿದ್ದರು. ಅಂಥಲ್ಲಿ ತೂಗಿ ನೋಡಬಲ್ಲವನು ಎಲ್ಲೆಲ್ಲಿಯೂ ತೂಗಬಲ್ಲನೆಂದು ಹೇಳಲು ಬಾರದು. 'ಹೈ ಪ್ರೈಸ್'ನಲ್ಲಿ ಹಾರ್ಟ್ ಬಹುಪಾಲು ಈ ಎಲ್ಲೆಯನ್ನು ಅರಿತು ನಡೆದಿದ್ದಾರೆ.

ಎಂಟು ವರ್ಷಗಳ ನಂತರ ಬಂದ ಎರಡನೆಯ ಪುಸ್ತಕದಲ್ಲಿ ಅವರು ಎಲ್ಲೆ ದಾಟಿದರು. ಅಲ್ಲಿ ಅವರು ತಾವೇ ಹೆರಾಯಿನ್ ಸೇವಿಸುವವರೆಂದು ಬಹಿರಂಗವಾಗಿ ಹೇಳುತ್ತಾರೆ. ದಿನದ ಕೆಲಸ ಮುಗಿಸಿದ ಗೃಹಸ್ಥ ಸಂಜೆ ಒಂದು ಲೋಟ ಮದ್ಯ ಸೇವಿಸುವ ಹಾಗೆ ಇದೂ ಎನ್ನುತ್ತಾರೆ. ಸುಖವನ್ನು ಅರಸುವ ಹಕ್ಕು ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯಲ್ಲಿಯೇ ಇದೆ, ವಯಸ್ಕನಾದವನು ಆ ಹಕ್ಕನ್ನು ಮದ್ದಿನ ಮೂಲಕ ಚಲಾಯಿಸಿದರೆ ಸರಕಾರಕ್ಕೇನು ಎಂದು ಕೇಳುತ್ತಾರೆ. ಹೇಳಲು ಧೈರ್ಯ ಬೇಕು. ಅವರ ಧೈರ್ಯಕ್ಕೆ ನನ್ನ ಗೌರವವಿದೆ. ಕಲಬೆರಕೆಯ ಮದ್ದು ಕೊಲ್ಲುತ್ತದೆ, ಆದ್ದರಿಂದ ಅದನ್ನು ಪರೀಕ್ಷಿಸುವ ವ್ಯವಸ್ಥೆ ಬೇಕು ಎಂಬ ಅವರ ಸಲಹೆಯೂ ವಿವೇಕದ್ದು. ಅವರ ದೇಶದಲ್ಲಿ 2021, 2022, 2023ರಲ್ಲಿ ಪ್ರತಿ ವರ್ಷವೂ ಮಾದಕಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರೆಂಬುದನ್ನು ನೆನೆದರೆ ಅಂಥ ವ್ಯವಸ್ಥೆಯ ಅಗತ್ಯ ತಿಳಿಯುತ್ತದೆ.

ಆದರೆ ಈ 'ವಯಸ್ಕ' ಯಾರು? ಪುಸ್ತಕ ಉದ್ದಕ್ಕೂ ನಮಗೆ ಭೇಟಿ ಮಾಡಿಸುವವರು ಬಹುತೇಕ ವಿದ್ಯಾವಂತರು, ಸಂಬಳಗಾರರು. ಗ್ರಂಥಕರ್ತರಾದರೋ ಕೊಲಂಬಿಯಾದ ಪ್ರಾಧ್ಯಾಪಕರು, ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. ನಾಳೆ ಬೆಳಿಗ್ಗೆ ಎದ್ದು ಹೋಗಲು ಅವರಿಗೆ ತರಗತಿಯಿದೆ, ಪ್ರಯೋಗಶಾಲೆಯಿದೆ, ಮನೆಯಿದೆ. ಅವರ ಜೇಬಿನಲ್ಲಿ ದಿನವೂ ನೂರು 'ಐದು ಡಾಲರು'ಗಳಿವೆ. ಹೆರಾಯಿನ್ ಅವರನ್ನು ಹಿಡಿಯಲಿಲ್ಲವೆಂದರೆ ಅದು ಹೆರಾಯಿನ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಡಾಲರುಗಳ ಬಗ್ಗೆ ಹೇಳುತ್ತದೆ. ಇದನ್ನು ನನಗೆ ಕಲಿಸಿದ್ದು ಅವರ ಮೊದಲ ಪುಸ್ತಕವೇ. ಎದುರಿಗೆ ಇನ್ನೊಂದು ವಸ್ತು ಇರುವವನಿಗೂ ಇಲ್ಲದವನಿಗೂ ಇರುವ ಅಂತರವೇ ಮುಖ್ಯವೆಂದು ವಾದಿಸಿದವರು, ತಮ್ಮ ಮಾತು ಬಂದಾಗ ಆ ಅಂತರವನ್ನು ಲೆಕ್ಕಕ್ಕೆ ತರಲಿಲ್ಲ. ಮೊದಲ ಪುಸ್ತಕದ ನಾಯಕ ಮಯಾಮಿಯ ಕೇರಿಯ ಹುಡುಗ. ಎರಡನೆಯದರಲ್ಲಿ ಮಾತಾಡುವವರು ನೆಲೆಗೊಂಡ ಪ್ರಾಧ್ಯಾಪಕರು. ಅವರಿಬ್ಬರೂ ಎದುರುಬದುರು ಕುಳಿತು ಮಾತನಾಡಿದ್ದರೆ ನಮಗೆ ಒಂದು ಮಹತ್ತಾದ ಕೃತಿ ದೊರಕುತ್ತಿತ್ತು.

ಇಷ್ಟು ಹೇಳಿದರೂ ಇವು ಓದಬೇಕಾದ ಪುಸ್ತಕಗಳು. ಮೊದಲನೆಯದನ್ನು ಎಲ್ಲರೂ ಓದಬೇಕು. ಎರಡನೆಯದನ್ನು ಓದುವವರು ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಲೇಸು. ಮೆದುಳಿನ ರಸಾಯನವನ್ನು ಬಲ್ಲ ನಮ್ಮ ವೈದ್ಯರೋ ವಿಜ್ಞಾನಿಗಳೋ ಒಬ್ಬರು ಕನ್ನಡದಲ್ಲಿ ಇಷ್ಟೇ ನಿರ್ದಾಕ್ಷಿಣ್ಯವಾಗಿ ತಮ್ಮ ಊರನ್ನೂ ತಮ್ಮನ್ನೂ ಕುರಿತು ಬರೆಯಲಿ ಎಂದು ಬಯಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸಿನಂಥ ಸಂಸ್ಥೆಯಲ್ಲಿ ವ್ಯಸನದ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಯ ಹೊರರೋಗಿ ಬೆಂಚಿನ ಮೇಲೆ ಕುಳಿತವರ ಹಿಂದೆ ಎಷ್ಟೋ ಮುಚ್ಚಿದ ಮುದ್ರಣಾಲಯಗಳಿರಬಹುದು.

ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಕೊಡಲೇಬೇಕಾಗಿತ್ತು. ಭಾಷೆ ಶುದ್ಧವಾಗಿದ್ದ ಒಂದಕ್ಕೆ ಕೊಟ್ಟೆ. ಅದರಲ್ಲಿ ಮಹಾಪ್ರಾಣಗಳೆಲ್ಲ ಸರಿಯಾಗಿದ್ದವು. ಈ ವರ್ಷವೂ ಅದೇ ವಿಷಯವಂತೆ. ತೀರ್ಪಿಗೆ ಕರೆದರೆ ಹೋಗುತ್ತೇನೆ. ಸ್ಪರ್ಧೆಗೆ ಮೊದಲೇ ಮಕ್ಕಳಿಗೆ ಒಂದು ಮಾತು ಹೇಳಲು ಅವಕಾಶ ಕೇಳಿದ್ದೇನೆ. ಇಲಿಯ ವಿಷಯ ನನಗೆ ಗೊತ್ತಿದೆ, ನಿಮ್ಮ ಬೀದಿಯಲ್ಲಿ ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ, ಮೊದಲು ಏನಾಯಿತು ಆಮೇಲೆ ಏನಾಯಿತು ಎಂಬುದನ್ನು ಅವರ ಮನೆಯವರನ್ನು ಕೇಳಿ ಬರೆಯಿರಿ ಎಂದು ಹೇಳಬೇಕೆಂದಿದ್ದೇನೆ.